ಗುಂಪಿಗೆ ಸೇರದ ಪದ

ದೋಣಿ, ತೆಪ್ಪ, ಹರಿಗೋಲು, ಲಾಂಚ್: ಈ ನಾಲ್ಕರಲ್ಲಿ ಗುಂಪಿಗೆ ಸೇರದ ಪದ ಯಾವುದು?

ಸಾಗರ ತಾಲ್ಲೂಕಿನ ತುಮರಿಯ ವಿದ್ಯಾರ್ಥಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ತೋರೀತು. ನಾಲ್ಕೂ ನೀರನ್ನು ದಾಟಿಸುವ ಸಾಧನಗಳೇ ಅಲ್ಲವೆ? ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು 1960ರ ದಶಕದಲ್ಲಿ ಆ ಸೀಮೆಯನ್ನು ಸುತ್ತುವರಿಯಿತು. 2025ರ ಜುಲೈಯಲ್ಲಿ ಸೇತುವೆ ತೆರೆಯುವ ತನಕ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಜನರನ್ನಷ್ಟೇ ಅಲ್ಲದೆ ಬಸ್ಸನ್ನೂ ಹೊತ್ತು ದಾಟಿಸುತ್ತಿದ್ದುದು ಲಾಂಚ್. ಆದರೆ ಗಣಕಯಂತ್ರವನ್ನು ಕೇಳಿದರೆ, ಅದು ಲಾಂಚನ್ನೇ ಹೊರಗಿಡುವ ಸಂಭವವುಂಟು. ಏಕೆಂಬುದನ್ನು ನೋಡೋಣ.

ಪದಗಳನ್ನು ಅರ್ಥಾನುಸಾರ ವಿಂಗಡಿಸುವುದು ಹೊಸ ವಿದ್ಯೆಯಲ್ಲ. ಅಮರಕೋಶದ ವಾರಿವರ್ಗದಲ್ಲಿ ನದಿ, ಮೀನುಗಳೊಡನೆ ನೌಕೆಗೂ ಸ್ಥಾನವಿದೆ. ಅಮರಸಿಂಹನು ಅರ್ಥವನ್ನು ಬಲ್ಲವನು. ಯಂತ್ರವಾದರೋ ಪದದ ಒಡನಾಟವನ್ನು ಮಾತ್ರ ಬಲ್ಲದು. ಯಾವ ಪದದ ನೆರೆಯಲ್ಲಿ ಯಾವ ಪದಗಳು ಎಷ್ಟು ಸಲ ಬರುತ್ತವೆಂಬುದನ್ನು ಅದು ಅಸಂಖ್ಯ ವಾಕ್ಯಗಳಿಂದ ಕಲಿಯುತ್ತದೆ. ಆಮೇಲೆ, ನಾವು ಬಲವನ್ನು ಸದಿಶದಿಂದ ಸೂಚಿಸುವಂತೆ, ಒಂದೊಂದು ಪದವನ್ನೂ ಒಂದೊಂದು ಸದಿಶವಾಗಿ ಸೂಚಿಸುತ್ತದೆ. 2013ರಲ್ಲಿ ತೊಮಾಸ್ ಮಿಕೊಲೊವ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಿಂದ ಈ ಕೆಲಸ ಬಹಳ ಶೀಘ್ರವಾಯಿತು. ಅಲ್ಲಿ ಒಂದು ಸದಿಶಕ್ಕೆ ನೂರಾರು ಘಟಕಗಳಿರುತ್ತವೆ.

ನಮಗೆ ಎರಡೇ ಸಾಕು. 'ನೀರು' ಎಂಬ ಪದದೊಡನೆ ಬಂದ ಸಲಗಳು ಮೊದಲ ಘಟಕ, 'ಬೆಲೆ'ಯೊಡನೆ ಬಂದವು ಎರಡನೆಯದು ಎನ್ನೋಣ. ದೋಣಿ (9, 1), ಹರಿಗೋಲು (8, 2) ಎಂದು ಕಲ್ಪಿಸಿಕೊಂಡರೆ ಇವುಗಳ ನಡುವಣ ಕೋನ ಸುಮಾರು 8 ಡಿಗ್ರಿ. ಲಾಂಚ್ ಎಷ್ಟಾದೀತು? ಇಂದಿನ ಪತ್ರಿಕೆಗಳಲ್ಲಿ 'ಹೊಸ ಮೊಬೈಲ್ ಲಾಂಚ್', 'ಕಾರು ಲಾಂಚ್' ಎಂಬ ಸುದ್ದಿಗಳೇ ಹೇರಳ. ಆದುದರಿಂದ ಅದು (3, 8) ಆದರೆ, ದೋಣಿಯಿಂದ ಸುಮಾರು 63 ಡಿಗ್ರಿ ದೂರ ಸರಿಯುತ್ತದೆ. ಗುಂಪಿನ ಸರಾಸರಿ ದಿಕ್ಕಿನಿಂದ ಅತಿ ಹೆಚ್ಚು ವಾಲಿದ ಪದವೇ ಹೊರಗಿನದೆಂಬುದು ಯಂತ್ರದ ನಿಯಮ. ಲಾಂಚ್ ಹೊರಬೀಳುತ್ತದೆ!

ಲೆಕ್ಕದಲ್ಲಿ ತಪ್ಪಿಲ್ಲ. ಎರಡು ಬೇರೆ ಅರ್ಥಗಳಿಗೆ ಒಂದೇ ಸದಿಶವನ್ನು ಕೊಟ್ಟದ್ದು ಒಂದು ದೋಷ. ವಾಕ್ಯವನ್ನು ನೋಡಿ ಪ್ರತಿ ಪ್ರಯೋಗಕ್ಕೂ ಬೇರೆ ಸದಿಶವನ್ನು ಕೊಡುವ ಈಚಿನ ವಿಧಾನಗಳು ಇದನ್ನು ಬಹುಮಟ್ಟಿಗೆ ನಿವಾರಿಸಿವೆ. ಇನ್ನೊಂದು ದೋಷವನ್ನು ಗಣಿತ ನಿವಾರಿಸಲಾರದು. ಯಂತ್ರ ಓದಿದ ಬರಹದಲ್ಲಿ ಅಂಗಡಿಯ ಲಾಂಚ್ ತುಂಬಿದ್ದು, ಹಿನ್ನೀರಿನ ಲಾಂಚ್ ಇಲ್ಲದಿದ್ದರೆ, ಅದು ಕಲಿಯುವುದಾದರೂ ಎಲ್ಲಿಂದ? ತುಮರಿಯಲ್ಲಿ ಬಸ್ಸಿನ ಸಮಯವನ್ನು ಲಾಂಚಿನ ಸಮಯಕ್ಕೆ ಹೊಂದಿಸಿಕೊಂಡು ಬಾಳಿದವರು ಆ ಮಾತನ್ನು ಬರೆದಿಟ್ಟರೆ ಮಾತ್ರ ಆ ಅರ್ಥ ಯಂತ್ರಕ್ಕೂ, ಮುಂದೆ ಸೇತುವೆಯನ್ನಷ್ಟೇ ಕಾಣುವ ಮಕ್ಕಳಿಗೂ ದೊರೆಯುವುದು.