ಆಡುವ ಕೈಗೆ ಅಕ್ಷರ ತಾನಾಗಿ ಒಲಿಯುತ್ತದೆ

ಒಂದನೇ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ ಸಡಿಲಿಸಿತು. ಯುಕೆಜಿ ಮುಗಿಸಿ, 5 ವರ್ಷ 5 ತಿಂಗಳು ತುಂಬಿದ ಮಕ್ಕಳಿಗೂ ಅವಕಾಶ ಸಿಕ್ಕಿತು. ಬೇಗ ಎಲ್‌ಕೆಜಿಗೆ ಸೇರಿದ್ದ ಮಕ್ಕಳು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕಾದೀತೆಂಬ ಪೋಷಕರ ಆತಂಕ ಸಹಜವೇ. ಆದರೆ ಆಡಿ ಕಲಿಯುವ ಇನ್ನೊಂದು ವರ್ಷ ನಷ್ಟ ಎಂಬ ನಂಬಿಕೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಪ್ರಶ್ನಿಸಲಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಈ ನಂಬಿಕೆ ಬೇರೂರಿದೆ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನಲ್ಲಿರುವ ಸಾಫ್ಟ್‌ವೇರ್ ದಂಪತಿಗೂ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೂ ಮಗುವಿನ ಬಗ್ಗೆ ಇರುವ ಪ್ರಶ್ನೆ ಒಂದೇ: ಎಬಿಸಿಡಿ ಬರೆಯಲು ಬಂತೇ? ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮಣ್ಣು ಕಲಸುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು ಆ ಕೈಯನ್ನು ಬರವಣಿಗೆಗೆ ಹದಗೊಳಿಸುವ ಕೆಲಸಗಳು. ಅವನ್ನು ಕಿತ್ತುಕೊಂಡು ಪೆನ್ಸಿಲ್ ತುರುಕಿದರೆ ಬರಹವೂ ಕೆಡುತ್ತದೆ, ಕಲಿಯುವ ಆಸೆಯೂ ಬಾಡುತ್ತದೆ.

ನೀರು ಎಲ್ಲಿ ಹೋಯ್ತು?

ಆಟದ ತರಗತಿಯಲ್ಲಿ ನಡೆಯುವುದೇನು? ಮಳೆ ಬಂದ ಮರುದಿನ ಸಿಮೆಂಟಿನ ಅಂಗಳದಲ್ಲಿ ನೀರು ನಿಂತಿರುತ್ತದೆ ಎನ್ನಿ. ಟೀಚರ್ ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಊಟದ ಹೊತ್ತಿಗೆ ನೀರು ಗೆರೆ ಬಿಟ್ಟು ಒಳಕ್ಕೆ ಸರಿದಿರುತ್ತದೆ. ಎಲ್ಲಿ ಹೋಯ್ತು? ನಾಯಿ ಕುಡಿಯಿತು ಎನ್ನುವ ಮಗು ಒಂದು, ಬಿಸಿಲು ತಿಂದಿತು ಎನ್ನುವ ಮಗು ಇನ್ನೊಂದು. ಟೀಚರ್ ತಕ್ಷಣ ಉತ್ತರ ಕೊಡುವುದಿಲ್ಲ. ಎರಡು ತಟ್ಟೆಗಳಲ್ಲಿ ನೀರಿಟ್ಟು, ಒಂದನ್ನು ಮುಚ್ಚಿ, ಇನ್ನೊಂದನ್ನು ಬಿಸಿಲಿಗೆ ಬಿಟ್ಟು ನೋಡೋಣ ಎನ್ನುತ್ತಾರೆ. ಊಹಿಸುವುದು, ಪರೀಕ್ಷಿಸುವುದು, ಹೋಲಿಸಿ ಹೇಳುವುದು, ಈ ಮೂರೂ ಅಲ್ಲಿ ಶುರುವಾಗುತ್ತವೆ. ಖರ್ಚು ಒಂದು ತುಂಡು ಸೀಮೆಸುಣ್ಣ.

ಹುಣಸೆಬೀಜ, ಹೊಂಗೆಕಾಯಿ, ಚನ್ನಪಟ್ಟಣದ ಮರದ ಗೊಂಬೆ ಸಾಕು, ವಿಂಗಡಿಸಲು, ಎಣಿಸಲು, ಕತೆ ಕಟ್ಟಲು. ಅಳಿಗುಳಿ ಮಣೆಯಲ್ಲಿ ಕಾಯಿ ಹಂಚುತ್ತಲೇ ಲೆಕ್ಕ ಬರುತ್ತದೆ, ಕುಂಟೆಬಿಲ್ಲೆಯಲ್ಲಿ ಮೈಯ ಸಮತೋಲ ಕೂಡುತ್ತದೆ. ರಾಯಚೂರು, ಯಾದಗಿರಿಯಿಂದ, ಆಂಧ್ರ, ಒಡಿಶಾ, ಬಂಗಾಳದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುವ ಬೆಂಗಳೂರಿನ ಹೊರವಲಯದಲ್ಲಿ ಆಟಕ್ಕೆ ಇನ್ನೂ ಒಂದು ಬೆಲೆಯಿದೆ. ಟೀಚರ್ ಮಾತು ತಿಳಿಯದ ಮಗುವೂ ಮೊದಲ ದಿನವೇ ಆಟಕ್ಕೆ ಸೇರಬಲ್ಲದು, ಆಡುತ್ತಾ ಕನ್ನಡವನ್ನೂ ಕಲಿಯಬಲ್ಲದು.

ನಮ್ಮದೇ ಪರಂಪರೆ

ಆಡಿ ಕಲಿಯುವುದನ್ನು ದುಬಾರಿ ಶಾಲೆಗಳ ಸರಕೆಂದು ಭಾವಿಸುವುದು ತಪ್ಪು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಕೈಹಾಕಿದವರು. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿಕಲಿ’ ಎಂಬ ಕಲಿಕಾ ಪದ್ಧತಿ ಮೊಳೆಯಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ಕಂಡು ಬಂದ ಸರ್ಕಾರಿ ಶಿಕ್ಷಕರೇ ಅದನ್ನು ಕಟ್ಟಿದರು. 2009–10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಕಲಿಕಾ ಏಣಿ, ಕಾರ್ಡು, ತಲೆಯ ಮೇಲೆ ಮಕ್ಕಳ ಕೈಕೆಲಸ ತೂಗುವ ಚಪ್ಪರ, ಕೈಗೆಟುಕುವ ಕರಿಹಲಗೆ, ಮಕ್ಕಳೇ ಆಕಾಶ ನೋಡಿ ಗುರುತು ಹಾಕುವ ಹವಾಮಾನ ನಕ್ಷೆ, ಇವೆಲ್ಲ ಅದರ ಸಲಕರಣೆ. ಶಿಕ್ಷಕರ ಪೂರ್ಣ ನೆರವಿನಿಂದ ಹಿಡಿದು ಸ್ವಕಲಿಕೆಯವರೆಗೆ ಐದು ಗುಂಪುಗಳಲ್ಲಿ ಮಗು ತನ್ನ ವೇಗದಲ್ಲಿ ಸಾಗುತ್ತದೆ. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯ ‘ಚಿಲಿಪಿಲಿ’ ಚಟುವಟಿಕೆಗಳಿವೆ.

ಕೊರತೆ ಇರುವುದು ಜಾಗ ಮತ್ತು ಸಮಯದಲ್ಲಿ. ನಗರದ ಎಷ್ಟೋ ಅಂಗನವಾಡಿಗಳು ಇಕ್ಕಟ್ಟಾದ ಬಾಡಿಗೆ ಕೋಣೆಯಲ್ಲಿವೆ. ಕಾರ್ಯಕರ್ತೆಯ ಹೆಗಲ ಮೇಲೆ ಆಹಾರ ವಿತರಣೆ, ಸಮೀಕ್ಷೆ, ಪೋಷಣ್ ಟ್ರ್ಯಾಕರ್ ಆ್ಯಪ್‌ನ ದಾಖಲೆಯ ಹೊರೆ. ಮಗುವಿನ ಪ್ರಶ್ನೆಗೆ ಕಿವಿಗೊಡಲು ಆಕೆಗೆ ಬಿಡುವು ಬೇಕು.

ಉದ್ಯಮಗಳ ಹೊಣೆಯೂ ಇದೆ. 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ನಡೆಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆಲ್ಲ, ಐಟಿ ಕಂಪನಿಗಳಿಗೂ, ಈ ಹೊಣೆ ಹೊರಿಸಿತು. ಆದರೆ ತೊಟ್ಟಿಲು ತೂಗಿದರೆ ಹೊಣೆ ಮುಗಿಯುವುದಿಲ್ಲ. ಆ ಕೋಣೆಯಲ್ಲಿ ಮರಳು, ನೀರು, ಕತೆ, ತರಬೇತಿ ಪಡೆದ ಆಯಾ ಇದ್ದರೆ ಮಾತ್ರ ಅದು ಮಗುವಿನ ಜಾಗ.

ಮಗುವನ್ನು ಸೇರಿಸುವ ಮುನ್ನ ಪೋಷಕರು ಶಾಲೆಯನ್ನು ಮೂರು ಮಾತು ಕೇಳಲಿ: ದಿನಕ್ಕೆ ಎಷ್ಟು ಹೊತ್ತು ಮಕ್ಕಳು ತಮ್ಮಿಷ್ಟದಂತೆ ಆಡುತ್ತಾರೆ? ಅವರು ಮುಟ್ಟಿ ನೋಡಲು ಏನೇನಿದೆ? ಮಗು ಪ್ರಶ್ನೆ ಕೇಳಿದಾಗ ಟೀಚರ್ ಏನು ಮಾಡುತ್ತಾರೆ? ಇವಕ್ಕೆ ನೇರ ಉತ್ತರ ಕೊಡುವ ಶಾಲೆಯನ್ನು, ಅದು ಸರ್ಕಾರಿ ಅಂಗನವಾಡಿಯೇ ಆಗಿರಲಿ, ನಂಬಿ ಮಗುವನ್ನು ಕಳಿಸಿ.