ಬಲವಿರುವುದು ತೆರವಿನಲ್ಲಿ: ಫ್ರೀಸೆಲ್ ಆಟದಲ್ಲಿ ಎಲೆ ಸಾಗಿಸುವ ಕ್ರಮ

ಒಬ್ಬರೇ ಕುಳಿತು ಆಡುವ ಇಸ್ಪೀಟಿನ ಆಟಗಳಲ್ಲಿ ಅನೇಕವು ಅದೃಷ್ಟವನ್ನು ಅವಲಂಬಿಸಿವೆ. ಮಗುಚಿಟ್ಟ ಎಲೆ ಯಾವುದೆಂದು ತಿಳಿಯದೆ ಆಟ ನಿಂತುಹೋಗುವುದುಂಟು. ಫ್ರೀಸೆಲ್ ಹಾಗಲ್ಲ. ಇದರಲ್ಲಿ 52 ಎಲೆಗಳೂ ಆರಂಭದಿಂದಲೇ ಎಂಟು ಸಾಲುಗಳಲ್ಲಿ ಮುಖ ತೋರಿಸಿಕೊಂಡಿರುತ್ತವೆ. ಪಾಲ್ ಆಲ್ಫಿಲ್ ಎಂಬವರು 1978ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಗಣಕಯಂತ್ರಕ್ಕೆ ಇದನ್ನು ಅಳವಡಿಸಿದರು. 1995ರ ವಿಂಡೋಸ್‌ನೊಡನೆ ಇದು ಮನೆ-ಕಚೇರಿಗಳನ್ನು ಹೊಕ್ಕಿತು. ಆ ಆವೃತ್ತಿಯ 32,000 ಹಂಚಿಕೆಗಳಲ್ಲಿ ಬಿಡಿಸಲಾಗದ್ದು 11982ನೆಯದೊಂದೇ. ಆದುದರಿಂದ ಸೋಲಿಗೆ ಹಣೆಬರಹವನ್ನು ಹಳಿದು ಫಲವಿಲ್ಲ.

ಸಾಲಿನಲ್ಲಿ ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಎಲೆ ಇಳಿಕೆಯ ಕ್ರಮದಲ್ಲಿ ಕೂಡಬೇಕು. ನಾಲ್ಕೂ ಜಾತಿಯ ಎಲೆಗಳನ್ನು ಎಕ್ಕದಿಂದ ರಾಜನವರೆಗೆ ಬೇರೆಬೇರೆಯಾಗಿ ಏರಿಸಿದರೆ ಗೆಲುವು. ಒಂದೊಂದೇ ಎಲೆ ತಂಗಲು ನಾಲ್ಕು ಬಿಡಿ ಮನೆಗಳಿವೆ. ಒಮ್ಮೆಗೆ ಸರಿಸಬಹುದಾದುದು ಒಂದೇ ಎಲೆ. ಹಾಗಿದ್ದಲ್ಲಿ ಕ್ರಮವಾಗಿ ಜೋಡಿಸಿದ ಸರಣಿಯನ್ನು ಸಾಗಿಸುವ ಬಗೆ ಹೇಗೆ?

ಲೆಕ್ಕ ಹೀಗಿದೆ: ತೆರವಾದ ಮನೆಗಳ ಸಂಖ್ಯೆಗೆ ಒಂದನ್ನು ಕೂಡಿಸಬೇಕು, ತೆರವಾದ ಪ್ರತಿ ಸಾಲಿಗೂ ಆ ಮೊತ್ತವನ್ನು ಇಮ್ಮಡಿಸಬೇಕು. ಎರಡು ಮನೆಗಳು ಮಾತ್ರ ತೆರವಿದ್ದರೆ ಮೂರು ಎಲೆಗಳನ್ನು ಸಾಗಿಸಬಹುದು. ಜೊತೆಗೆ ಒಂದು ಸಾಲೂ ತೆರವಿದ್ದರೆ ಆರು, ಎರಡು ಸಾಲುಗಳಿದ್ದರೆ ಹನ್ನೆರಡು.

ಉದಾಹರಣೆಗೆ, ಒಂಬತ್ತರಿಂದ ನಾಲ್ಕರವರೆಗಿನ ಆರು ಎಲೆಗಳ ಸರಣಿಯನ್ನು ಬೇರೊಂದು ಸಾಲಿನ ಹತ್ತರ ಮೇಲೆ ಕೂಡಿಸಬೇಕಾಗಿದೆಯೆನ್ನೋಣ. ನಾಲ್ಕು, ಐದುಗಳನ್ನು ಮನೆಗಳಲ್ಲಿಟ್ಟು ಆರನ್ನು ಬರಿಸಾಲಿಗೆ ತಂದು, ಐದು, ನಾಲ್ಕುಗಳನ್ನು ಅದರ ಮೇಲಿಡಬೇಕು. ಈಗ ಮನೆಗಳು ಮತ್ತೆ ಬರಿದು. ಇದೇ ರೀತಿ ಒಂಬತ್ತು, ಎಂಟು, ಏಳನ್ನು ಹತ್ತರ ಮೇಲೆ ಸೇರಿಸಿ, ಕೊನೆಗೆ ಬದಿಗಿಟ್ಟ ಮೂರನ್ನೂ ತಂದು ಏಳರ ಮೇಲೆ ಕೂಡಿಸಿದರಾಯಿತು. ಆದರೆ ಸರಣಿ ಸೇರಬೇಕಾದುದೇ ಬರಿಸಾಲಾದರೆ, ಆ ಸಾಲನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆಗ ಆರಲ್ಲ, ಮೂರೇ. ಅನೇಕರು ಎಡವುವುದು ಇಲ್ಲಿಯೇ.

ಬರಿಮನೆ ಕೂಡಿಸುತ್ತದೆ, ಬರಿಸಾಲು ಗುಣಿಸುತ್ತದೆ ಎಂಬುದೇ ಇದರ ಸಾರ. ಆದಕಾರಣ ಎಲೆಗಳು ಕಡಿಮೆಯಿರುವ, ಎಕ್ಕಗಳು ಅಡಗಿರುವ ಸಾಲನ್ನು ಮೊದಲು ಬರಿದುಮಾಡುವುದು ಲೇಸು. ಸಾಲ ಕೊಡುವ ಮುನ್ನ ಮರುಪಾವತಿಯ ದಾರಿಯನ್ನು ನೋಡುವಂತೆ, ಎಲೆಯೊಂದನ್ನು ಮನೆಗೆ ಕಳುಹಿಸುವ ಮುನ್ನ ಅದು ಹೊರಬರುವ ದಾರಿಯನ್ನು ನೋಡಿಕೊಳ್ಳಬೇಕು. ನಾಲ್ಕು ಮನೆಗಳೂ ತುಂಬಿದ ಮೇಲೆ ಜಾಣ್ಮೆಗೆ ಎಡೆಯೇ ಉಳಿಯದು.