ವಲಸೆ ಕಾರ್ಮಿಕ: ಹಕ್ಕಿಗೂ ವಿಳಾಸ ಬೇಕೇ?

ಬೆಂಗಳೂರು: ಹೊರರಾಜ್ಯದಿಂದ ದುಡಿಯಲು ಬಂದವರಿಗೆ ಇಲ್ಲಿ ಯಾವ ಹಕ್ಕುಗಳಿವೆ? ‘ಸ್ಥಳೀಯರಿಗೆ ಉದ್ಯೋಗ’ ಎಂಬ ಬೇಡಿಕೆ ಎದ್ದಾಗಲೆಲ್ಲ ಈ ಪ್ರಶ್ನೆ ಮರುಜೀವ ಪಡೆಯುತ್ತದೆ. ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬೈ, ಪುಣೆ, ಗೋವಾಕ್ಕೆ ಗುಳೆ ಹೋಗುವ ಕನ್ನಡಿಗರ ಮಟ್ಟಿಗೂ ಇದು ಅಷ್ಟೇ ಮುಖ್ಯವಾದ ಪ್ರಶ್ನೆ. ಉತ್ತರವನ್ನು ಮೊದಲು ಹುಡುಕಬೇಕಾದದ್ದು ಸಂವಿಧಾನದಲ್ಲಿ.

ಸಂವಿಧಾನ ಹೇಳುವುದೇನು?

ದೇಶದಾದ್ಯಂತ ಮುಕ್ತವಾಗಿ ಸಂಚರಿಸುವ, ಯಾವುದೇ ಭಾಗದಲ್ಲಿ ನೆಲೆಸುವ ಮತ್ತು ಯಾವುದೇ ವೃತ್ತಿ ಕೈಗೊಳ್ಳುವ ಹಕ್ಕನ್ನು 19ನೇ ವಿಧಿ ಪ್ರತಿಯೊಬ್ಬ ನಾಗರಿಕನಿಗೆ ನೀಡಿದೆ. ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧ ವಿಧಿಸಬಹುದೇ ಹೊರತು, ಹೊರಗಿನವನೆಂಬ ಒಂದೇ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ‘ಜನ್ಮಸ್ಥಳ’ದ ಆಧಾರದ ಮೇಲೆ ಸರ್ಕಾರ ತಾರತಮ್ಯ ಮಾಡಬಾರದೆಂದು 15ನೇ ವಿಧಿ ಹೇಳುತ್ತದೆ, ‘ನಿವಾಸ’ದ ಮಾತು ಅದರಲ್ಲಿಲ್ಲ. ಇವೆರಡೂ ಬೇರೆ ಬೇರೆ ಎಂದು ಸುಪ್ರೀಂ ಕೋರ್ಟ್ 1955ರಲ್ಲೇ ಡಿ.ಪಿ. ಜೋಶಿ ಪ್ರಕರಣದಲ್ಲಿ ತೀರ್ಪಿತ್ತಿತು. ಸರ್ಕಾರಿ ನೌಕರಿಗೆ ಸಂಬಂಧಿಸಿದ 16ನೇ ವಿಧಿ ಮಾತ್ರ ಜನ್ಮಸ್ಥಳ, ನಿವಾಸ ಎರಡನ್ನೂ ಹೆಸರಿಸಿ ತಾರತಮ್ಯವನ್ನು ನಿಷೇಧಿಸಿದೆ. ನೌಕರಿಗೆ ನಿವಾಸದ ಷರತ್ತು ವಿಧಿಸುವ ಅಧಿಕಾರ ಇರುವುದು ಸಂಸತ್ತಿಗೆ, ವಿಧಾನಸಭೆಗಳಿಗಲ್ಲ. ರಾಜ್ಯಗಳ ಬಹುತೇಕ ‘ಸ್ಥಳೀಯ’ ನೀತಿಗಳು ಜನ್ಮಸ್ಥಳ ಹಾಗೂ ನಿವಾಸಗಳ ನಡುವಿನ ಈ ಅಂತರದಲ್ಲೇ ನಿಂತಿವೆ.

ಹರಿಯಾಣದ ಪಾಠ

ಈ ಅಂತರ ಎಷ್ಟು ದೂರ ಎಳೆದರೆ ಹರಿಯುತ್ತದೆ ಎಂಬುದಕ್ಕೆ ಹರಿಯಾಣ ಉದಾಹರಣೆ. ಮಾಸಿಕ 30,000 ರೂಪಾಯಿಗಿಂತ ಕಡಿಮೆ ವೇತನದ ಖಾಸಗಿ ಉದ್ಯೋಗಗಳಲ್ಲಿ ಶೇ 75ನ್ನು ಸ್ಥಳೀಯರಿಗೆ ಮೀಸಲಿಡುವ ಅಲ್ಲಿನ ಕಾಯ್ದೆ 2022ರ ಜನವರಿಯಲ್ಲಿ ಜಾರಿಗೆ ಬಂದಿತು. 2023ರ ನವೆಂಬರ್ 17ರಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಈ ತೀರ್ಪನ್ನು ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿತು.

ಕರ್ನಾಟಕದಲ್ಲಿ ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಈ ಬೇಡಿಕೆ ಜೀವಂತವಾಗಿದೆ. 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆಯು ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಟ್ಟಿತ್ತು. ರಾಜ್ಯದಲ್ಲಿ ಜನಿಸಿ, 15 ವರ್ಷ ವಾಸವಿದ್ದು, ಕನ್ನಡ ಮಾತನಾಡಲು, ಓದಲು, ಬರೆಯಲು ಬಲ್ಲವರೇ ಸ್ಥಳೀಯರು ಎಂಬುದು ಅದರ ವ್ಯಾಖ್ಯೆ. ಅಂದರೆ ಕನ್ನಡ ಕಲಿತು ಮೂವತ್ತು ವರ್ಷ ಇಲ್ಲೇ ಬಾಳಿದವನೂ ಹೊರಗೆ ಹುಟ್ಟಿದ್ದರೆ ಸ್ಥಳೀಯನಾಗಲಾರ. 15ನೇ ವಿಧಿ ಹೆಸರಿಸಿ ನಿಷೇಧಿಸಿದ ಜನ್ಮಸ್ಥಳವೇ ಇಲ್ಲಿ ಮಾನದಂಡವಾಗಿತ್ತು. ಉದ್ಯಮ ವಲಯದ ವಿರೋಧದ ನಂತರ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು.

ಒಳಬಂದ ಮೇಲೆ?

ಬರುವ ಹಕ್ಕನ್ನು ನ್ಯಾಯಾಲಯಗಳು ಕಾಯಬಲ್ಲವು. ಬಂದವನ ಬದುಕು ನಿಂತಿರುವುದು ಕಾರ್ಮಿಕ ಕಾನೂನಿನ ಮೇಲೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸಮ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸಾರಿತು.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಗುತ್ತಿಗೆದಾರನ ಮೂಲಕ ಬಂದ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಅನ್ವಯಿಸುತ್ತಿತ್ತು. ತಿಂಗಳ ವೇತನದ ಅರ್ಧದಷ್ಟು ಸ್ಥಳಾಂತರ ಭತ್ಯೆ, ಪ್ರಯಾಣ ವೆಚ್ಚ, ವಸತಿ ನೀಡುವುದು ಗುತ್ತಿಗೆದಾರನ ಹೊಣೆಯಾಗಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿ ಈ ಕಾಯ್ದೆ ಲೀನವಾಯಿತು. ಸ್ವಂತವಾಗಿ ಕೆಲಸ ಹುಡುಕಿಕೊಂಡು ಬಂದವರನ್ನೂ ಸಂಹಿತೆ ವಲಸೆ ಕಾರ್ಮಿಕರೆಂದು ಗುರುತಿಸಿರುವುದು ಲಾಭ. ಆದರೆ ಕಾರ್ಮಿಕರ ಕನಿಷ್ಠ ಸಂಖ್ಯೆ ಹತ್ತಕ್ಕೆ ಏರಿದೆ; ಸ್ಥಳಾಂತರ ಭತ್ಯೆ ಕೈಬಿಟ್ಟುಹೋಗಿದೆ. ಏಳೆಂಟು ಮಂದಿಯನ್ನು ಇಟ್ಟುಕೊಂಡ ಸಣ್ಣ ಕಟ್ಟಡದ ಕೆಲಸ ಈ ರಕ್ಷಣೆಯ ಹೊರಗುಳಿಯುತ್ತದೆ.

ಸವಲತ್ತುಗಳದು ಮತ್ತೊಂದು ಕಥೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯನ್ನು 2021ರ ಜುಲೈ 31ರೊಳಗೆ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಆಹಾರ ಭದ್ರತಾ ಕಾಯ್ದೆಯ ಪಾಲನ್ನು ಈಗ ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ರಾಜ್ಯಗಳು ಸ್ವಂತ ಖರ್ಚಿನಲ್ಲಿ ಕೊಡುವ ಹೆಚ್ಚುವರಿ ಧಾನ್ಯ ಇದರಲ್ಲಿ ಸೇರಿಲ್ಲ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಸೀಮಿತ. ಇಂಥ ಯೋಜನೆಗಳು ನೋಡುವುದು ಜನ್ಮಸ್ಥಳವನ್ನಲ್ಲ, ವಿಳಾಸವನ್ನು. ಇಲ್ಲಿನ ವಿಳಾಸದ ದಾಖಲೆ ಮಾಡಿಸಿಕೊಂಡವರಿಗೆ ದಾರಿಯುಂಟು. ಆರು ತಿಂಗಳಿಗೊಮ್ಮೆ ಶೆಡ್ ಬದಲಿಸುವ ಕೂಲಿಕಾರರಿಗೆ ಅದು ಸುಲಭವಲ್ಲ.

ಹೋಗುವ ಹಕ್ಕೂ ಹಕ್ಕೇ

ಸಂಚಾರ ಸ್ವಾತಂತ್ರ್ಯವೆಂದರೆ ಬರುವುದಷ್ಟೇ ಅಲ್ಲ, ಮರಳುವುದೂ ಹೌದು. 2020ರ ಮೇ 5ರಂದು ಬಿಲ್ಡರ್‌ಗಳೊಂದಿಗೆ ಮುಖ್ಯಮಂತ್ರಿಯವರ ಸಭೆ ನಡೆದ ಬೆನ್ನಲ್ಲೇ, ಕಾರ್ಮಿಕರನ್ನು ತವರಿಗೆ ಕರೆದೊಯ್ಯುವ ವಿಶೇಷ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ವ್ಯಾಪಕ ಟೀಕೆ ಎದುರಾದಾಗ ಎರಡೇ ದಿನಗಳಲ್ಲಿ ನಿಲುವು ಬದಲಾಯಿತು. ನಗರಕ್ಕೆ ಅವರ ದುಡಿಮೆ ಎಷ್ಟು ಅನಿವಾರ್ಯ ಎಂಬುದನ್ನು ಸರ್ಕಾರದ ಆ ಪತ್ರವೇ ಒಪ್ಪಿಕೊಂಡಂತಿತ್ತು.

ಒಟ್ಟಿನಲ್ಲಿ, ತನ್ನ ಬೊಕ್ಕಸದ ಸವಲತ್ತಿನಲ್ಲಿ ನಿವಾಸಿಗಳಿಗೆ ಆದ್ಯತೆ ನೀಡಲು ರಾಜ್ಯಕ್ಕೆ ಅವಕಾಶವಿದೆ. ಹುಟ್ಟಿದ ಊರು ನೋಡಿ ದುಡಿಮೆಯ ಬಾಗಿಲು ಮುಚ್ಚಲು ಇಲ್ಲ. ದುಡಿಯುವವರು ಬೇಕೆಂದು ಮರಳುವವರನ್ನು ಹಿಡಿದಿಡಲೂ ಇಲ್ಲ. ಇಲ್ಲಿಗೆ ಬರುವ ಹೊರರಾಜ್ಯದವರಿಗೆ ಈ ಗೆರೆ ಎಷ್ಟು ಮುಖ್ಯವೋ, ಗುಳೆ ಹೋಗುವ ಕನ್ನಡಿಗನಿಗೂ ಅಷ್ಟೇ ಮುಖ್ಯ. ಹೊರರಾಜ್ಯದಲ್ಲಿ ಅವನಿಗಿರುವ ರಕ್ಷಣೆಯೂ ಇದೇ ಸಂವಿಧಾನದ್ದು.